ಇಳಿಯುವಾಗ ಇಸ್ಕೊಳ್ಳಿ

ಹಾಲಿನ ಸೊಸೈಟಿಯ ಹಳೇ ರಸೀದಿಯ ಬೆನ್ನಿಗೆ
ನೀವು ಬರೆದುಕೊಟ್ಟ ಲೆಕ್ಕ ಓದಿದೆ, ಹೊಂಬಾಳೇಗೌಡರೇ,
ಬಸರಾಳು ದಾಟಿ ಬಸ್ಸು ಖಾಲಿಯಾದ ಮೇಲೆ
ಕಂಡಕ್ಟರ್ ಸೀಟಿನಲ್ಲಿ ಕೂತು, ಎರಡು ಸಲ.

ಅರವತ್ತು ಸಾವಿರ ಅಡ್ವಾನ್ಸು. ಅದರಲ್ಲಿ
ಸುಣ್ಣಬಣ್ಣಕ್ಕೆ ಹದಿನಾಲ್ಕು ಸಾವಿರ,
ನಲ್ಲಿ ಮೂರಕ್ಕೆ ಎರಡು ಸಾವಿರದ ನೂರು,
ಮೊಳೆ ತೂತು ಹನ್ನೊಂದು, ತೂತಿಗೆ ನೂರು,
ಸಿಂಕು ಸಾವಿರದ ಮುನ್ನೂರು,
ಹೇಳದೆ ಖಾಲಿ ಮಾಡಿದ್ದಕ್ಕೆ ತಿಂಗಳ ಬಾಡಿಗೆ ಆರು ಸಾವಿರ,
ಕೊನೆಗೆ ‘ಇತರೆ’ ಅಂತ ಎರಡು.
ಒಟ್ಟು ಇಪ್ಪತ್ತೆಂಟೂವರೆ; ಕೆಳಗೆ ಕೆಂಪು ಗೀಟು.

ಕೂಡಿದರೆ ಇಪ್ಪತ್ತಾರೂವರೆ.
ರಾತ್ರಿ ಡಿಪೋದಲ್ಲಿ ಐದು ರೂಪಾಯಿ ಕಮ್ಮಿ ಬಿದ್ದರೂ
ಕೈಯಿಂದ ಕಟ್ಟುವವಳು ನಾನು.
ಕೂಡುವುದು ಬರುತ್ತೆ.

ನಲ್ಲಿಗೆ ಉಪ್ಪು ಕಟ್ಟಿದೆ ಅಂದಿರಿ. ಕಟ್ಟಿದೆ.
ಬೋರು ನಿಮ್ಮದು. ಆರು ವರ್ಷ
ಬಕೀಟಿನ ಅಂಚಿಗೆ, ಬೇಳೆ ಬೇಯದ ಪಾತ್ರೆಗೆ,
ನನ್ನ ಮಗಳ ಕೂದಲಿಗೆ ಕಟ್ಟಿದ್ದೂ ಅದೇ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಒಪ್ಪಿದೆ;
ನಿಮ್ಮ ಮಹಡಿಯಲ್ಲಿ ಎರಡೂ
ಒಂದೇ ಪೈಪಿನಲ್ಲಿ ಬಂದವು.

ಅಡುಗೆಮನೆ ಗೋಡೆಯ ಮಸಿ ನನ್ನ ಒಲೆಯದಲ್ಲ,
ಹಿತ್ತಿಲಾಚೆಯ ಆಲೆಮನೆಯದು.
ನೀವೇ ಪಂಚೆ ಎತ್ತಿ ಕಟ್ಟಿಕೊಂಡು
ಅವರ ಹತ್ತಿರ ಜಗಳಕ್ಕೆ ಹೋಗಿದ್ದಿರಿ,
ಬರುವಾಗ ಎರಡು ಅಚ್ಚು ಬೆಲ್ಲ ಹಿಡಿದು ಬಂದಿರಿ.

ಹನ್ನೊಂದು ತೂತಿನಲ್ಲಿ ಆರು
ನನಗಿಂತ ಮುಂಚೆ ಇದ್ದ ಟೈಲರನವು.
ಸಣ್ಣತಾಯಮ್ಮನವರನ್ನು ಕೇಳಿ. ಹಾಲುಕ್ಕಿಸಿದ ದಿನ ಅವರೇ ಅಂದದ್ದು,
“ಇರ್ಲಿ ಬುಡವ್ವ, ಬಟ್ಟೆ ತಗ್ಲಾಕಕ್ಕಾಯ್ತದೆ.”
ಐದು ನನ್ನವು. ಐನೂರು ಹಿಡೀರಿ.

ಹೇಳದೆ ಬಿಟ್ಟೆ ಅಂತೀರಲ್ಲ,
ಹೊಸತೊಡಕಿನ ಮಧ್ಯಾಹ್ನ, ಎಲೆ ಮುಂದೆ ಕೂತಿದ್ದಿರಿ,
ಹೊಸ್ತಿಲ ಹೊರಗೆ ನಿಂತು ಹೇಳಿದೆ:
ಜೂನಿಗೆ ಖಾಲಿ ಮಾಡ್ತೀನಿ, ಮಗಳ ಕಾಲೇಜು ದೂರ.
ನೀವು ಮೂಳೆ ಚೀಪುತ್ತಾ ತಲೆಯಾಡಿಸಿದಿರಿ.
ಅದು ರುಚಿಗೆ ಆಡಿಸಿದ ತಲೆ ಅಂತ
ನನಗೆ ಹ್ಯಾಗೆ ಗೊತ್ತಾಗಬೇಕು?

ಸಿಂಕು ನಾನೇ ಒಡೆದದ್ದು. ಕುಕ್ಕರ್ ಕೈಜಾರಿತು.
ಮೂಲೆಗೆ ಬಿಳಿ ಸಿಮೆಂಟು ಮೆತ್ತಿ ಒಂದು ವರ್ಷ ಮುಚ್ಚಿಟ್ಟೆ,
ಬಾಡಿಗೆ ಕೊಡಲು ಬಂದಾಗೆಲ್ಲ ಹೇಳಬೇಕು ಅಂದುಕೊಂಡೆ.
ಅದಕ್ಕೆ ನಿಮ್ಮ ರೇಟೇ ಸರಿ. ಚೌಕಾಸಿ ಇಲ್ಲ.

‘ಇತರೆ’ ಏನೆಂದು ನಾನು ಕೇಳುವುದಿಲ್ಲ.
ನಲವತ್ತು ವರ್ಷ ಡಿಗ್ರಿ ಕಡ್ಡಿ ಇಳಿಬಿಟ್ಟು
ಊರ ಹಾಲಿನಲ್ಲಿ ನೀರು ಹಿಡಿದ ಕಾರ್ಯದರ್ಶಿ ನೀವು.
ಒಂದು ಸಲ ಈ ಕಾಗದದೊಳಗೆ ಇಳಿಬಿಡಿ.

ಇನ್ನೊಂದು ಮಾತು, ಇದು ಲೆಕ್ಕಕ್ಕೆ ಸೇರಿದ್ದಲ್ಲ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬಾಕಿ ಬರೆದು
“ಇಳಿಯುವಾಗ ಇಸ್ಕೊಳ್ಳಿ” ಅನ್ನುತ್ತೇವೆ.
ಹೋದ ಮಾಗಿಯಲ್ಲಿ ಒಬ್ಬ ಮುದುಕ
ಬಸರಾಳಿನಲ್ಲಿ ಕೈಚೀಲ ಮೊದಲು ಇಳಿಸಿ, ಆಮೇಲೆ ತಾನು ಇಳಿದ.
ಎಂಟು ರೂಪಾಯಿ. ನನಗೆ ನೆನಪಿತ್ತು.
ಆತ ತಿರುಗಿ, ಟಿಕೆಟ್ ಹಿಡಿದ ಕೈಯನ್ನು
ಕೇಳಲೋ ಬೇಡವೋ ಅನ್ನುವ ಹಾಗೆ ಅರ್ಧ ಎತ್ತಿದ.
ಬಸ್ಸು ತಡವಾಗಿತ್ತು. ಸೀಟಿ ಊದಿದೆ.

ಆ ಅರ್ಧ ಎತ್ತಿದ ಕೈಯನ್ನೇ ಹೊತ್ತು
ಮೂರು ಭಾನುವಾರದಿಂದ ಕಲ್ಲಹಳ್ಳಿಗೆ ಬರುತ್ತಿದ್ದೇನೆ.
“ಮುಂದಿನ ವಾರ ನೋಡಾನ ಕಂಡಕ್ಟ್ರಮ್ಮ” ಅಂತೀರಿ,
ಗೇಟಿನ ಚಿಲಕದ ಮೇಲೆ ನಿಮ್ಮ ಕೈ.

ನನ್ನ ಲೆಕ್ಕ ಈ ಕಾಗದದ ಇನ್ನೊಂದು ಮಗ್ಗುಲಲ್ಲಿದೆ.
ಐನೂರು, ಸಾವಿರದ ಮುನ್ನೂರು. ಅಷ್ಟೇ.
ನಾನು ಇಳಿದಾಗಿದೆ, ಗೌಡರೇ,
ರಸ್ತೆಯಲ್ಲೇ ನಿಂತಿದ್ದೇನೆ.
ಸೀಟಿ ಈಗ ನಿಮ್ಮ ಬಾಯಲ್ಲಿದೆ.
ಊದಬೇಡಿ, ಇನ್ನೂ.