ಅಗಲಾದ ಹಳಿ

ಇಂಡಿ ರೋಡಿನಾಗ ಹತ್ತಿ, ಲಿಂಬಿಕಾಯಿ ಚೀಲ
ಸೀಟಿನ ಬುಡಕ ತುರುಕಿ ಕುಂತಿದ್ದೆ.
ಎದುರಿಗೆ ಕುಂತಾಕಿ ಬಗ್ಗಿ ಚೀಲದ ವಾಸನಿ ತಗೊಂಡ್ಲು,
ಕೇಳಲಿಲ್ಲ, ನಾಚಲಿಲ್ಲ.
ಐವತ್ತೈದಿದ್ದೀತು. ಬಿಸಲಿಗೆ ಕೆಂಪಾದ ಮೂಗು.
ಕೊರಿಯಾದಾಕಿ, ಹೆಸರು ಮ್ಯೊಂಗೋಕ್.
ಮೂರನೇ ಸಲಕ್ಕ ನನ್ನ ನಾಲಿಗಿಗೆ ಬಂತು.
ನೀಲಗಂಗಾ ಅನ್ನೂದು ಆಕಿಗೆ ಕಡೀತನಕ ಬರಲೇ ಇಲ್ಲ.

ಆಕಿ ಮೊಬೈಲಿಗೆ ಹೇಳೂದು,
ಮೊಬೈಲು ನನಗ ಹೇಳೂದು, ಮಾಸ್ತರರ ಕನ್ನಡದಾಗ:
"ನನ್ನ ತಂದೆಯವರು ಪಾಲ್ಮಾ ನಗರದಲ್ಲಿ
ಅಡುಗೆಯವರಾಗಿದ್ದರು."
ಅದು ಯಾವ ಸಮುದ್ರದ ದಂಡಿಗೆ ಐತಿ ಅಂತಲೂ ಹೇಳ್ತು.
ಆ ಸಮುದ್ರದ ಹೆಸರು ಮುಗಿಯೂದರಾಗ
ನಿಂಬಾಳ ಸ್ಟೇಷನ್ ಬಂದು ಹೋತು.

ಆಮ್ಯಾಲೆ ಫೋಟೋ.
ಕಟ್ಟಿಗಿ ಡಬ್ಬಿ, ಹಿತ್ತಾಳಿ ಹಿಡಿಕಿ, ಸಣ್ಣ ಹಳಿ.
ಮನಿಗಳ ಹಿತ್ತಲದಾಗ ಹಾದು ಹೊಂಟೈತಿ,
ಕೈ ಚಾಚಿದ್ರ ಒಣಹಾಕಿದ ಅರಬಿ ಸಿಗಬೇಕು.
ಗುಡ್ಡದ ಹೊಟ್ಟ್ಯಾಗ ಹೊಕ್ಕು ಕತ್ತಲ,
ಹೊರಬಂದ್ರ ಕಿತ್ತಳಿ, ಲಿಂಬಿ, ಕಣ್ಣು ಮುಟ್ಟೂತನಕ ತ್ವಾಟ.
ಆ ಊರಾಗ ತಮ್ಮ ದೇಶದ ಒಬ್ಬ ಸಂಗೀತಗಾರನ ಹೆಸರಿನ
ಒಂದು ಓಣಿ ಐತಂತ. ಸೂಟಿ ಸಿಕ್ಕಾಗೆಲ್ಲ ಆಕಿ ಅಪ್ಪ
ಆ ಫಲಕದ ಕೆಳಗ ಹೋಗಿ ನಿಲ್ಲತಿದ್ನಂತ.
ಯಾಕ ಅಂದೆ. "ಉಚ್ಚರಿಸಲು," ಅಂತು ಮೊಬೈಲು.

ನಮ್ಮಪ್ಪನೂ ರೈಲಿನಾಂವ ಅಂದೆ.
ಮೀಟರ್ ಗೇಜಿನ ಉಗಿಬಂಡಿಗೆ ಇದ್ದಲಿ ಒಗಿಯಾಂವ,
ಗದಗಿನಿಂದ ಹೋಟಗಿ ಮಟ.
ಆಲಮಟ್ಟಿ ಪೂಲಿನ ಮ್ಯಾಲೆ ಹೊಳಿಗೆ ನಾಲ್ಕಾಣೆ ಬಿಟ್ಟು
ಅದೇ ಕೈಲೆ ಮತ್ತ ಸಲಿಕಿ ಹಿಡಿಯಾಂವ.
ಮನಿಗೆ ಬಂದ್ರ ಹಲ್ಲಷ್ಟ ಕಾಣೂವು.

"ಕ್ಷಮಿಸಿ, ಮತ್ತೊಮ್ಮೆ ಹೇಳಿ," ಅಂತು ಮೊಬೈಲು.
ಎರಡು ಸಲ ಹೇಳಿದೆ. ವಿಜಾಪುರದ ಮಾತು ಅದರ ಕಿವಿಗೆ ಹೊಂದಲಿಲ್ಲ.
ಸಾಲ್ಯಾಗ ಕಲ್ತದ್ದು ನೆನಸಿ ಕಡೀಕ ಅಂದೆ:
ನನ್ನ ತಂದೆಯವರು ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದರು.
ಅದಕ್ಕ ತಿಳೀತು.
ನನಗಷ್ಟ, ಯಾರದೋ ತಂದಿ ಸುದ್ದಿ ಹೇಳಿದಂಗಾತು.

ಆ ಗಾಡಿ ಈಗ ಎಲ್ಲೈತಿ, ಕೇಳಿದ್ಲು.
ಹಳಿ ಕಿತ್ತು ಅಗಲ ಮಾಡಿದ್ರು.
ಅವರು ತಮ್ಮ ಗಾಡಿ ಒರಸಿ ಇಟಗೊಂಡಾರ,
ನಾವು ತೂಕಕ್ಕ ಹಾಕಿದ್ವಿ.
ಇದನ್ನ ಮೊಬೈಲಿಗೆ ಹೇಳಲಿಲ್ಲ.

ಸ್ಟೇಷನ್ನಿನಾಗ ಇಳಿದ್ರ ಗುಮ್ಮಟ ಎದುರಿಗೇ.
ಚೀಲ ದಸ್ತಗೀರನ ಚಾದಂಗಡಿಯಾಗಿಟ್ಟು
ಆಕಿ ಜೋಡಿ ಮೆಟ್ಟಲ ಏರಿದೆ. ಮಣಕಾಲ ಬೈದುವು.
ಮ್ಯಾಲೆ ತಾಳಿಕೋಟಿ ಸಾಲಿ ಹುಡುಗೂರು,
ಸೀಟಿ, ಕೇಕಿ, ಒಬ್ಬಾಂವ ನಾಯಿಯಂಗ ಬೊಗಳಿದಾ;
ಏಳು ನಾಯಿ ಬೊಗಳಿದುವು.
ಅವರು ಇಳಿಯೂತನಕ ಗೋಡಿಗೆ ಬೆನ್ನು ಹಚ್ಚಿ ಕುಂತ್ವಿ.

ಸುಮ್ಮಗಾದ ಮ್ಯಾಲೆ ಆಕಿ ಎದ್ದು ಆಚೀ ಮಗ್ಗಲಕ್ಕ ಹೋದ್ಲು.
ಇಲ್ಲಿಂದ ಹೆಬ್ಬೆರಳಷ್ಟು ಕಂಡ್ಲು.
ಮೊಬೈಲು ಇಲ್ಲೇ ನನ್ನ ತೊಡಿ ಮ್ಯಾಲಿತ್ತು.
ಆಕಿ ಗೋಡಿಗೆ ಬಾಯಿ ಹಚ್ಚಿದಂಗಾತು,
ನಾ ಕಿವಿ ಹಚ್ಚಿದೆ.

ಅಪ್ಪಾ

ಅಂತು ಗೋಡಿ.
ನಾನೇ ಅಂದೆ ಏನೋ ಅಂತ ತುಟಿ ಮುಟ್ಟಿ ನೋಡ್ಕೊಂಡೆ.
ಅಪ್ಪಾ.
ಮೂರು, ನಾಕು,
ಐದನೇದು ಪಾರಿವಾಳದ ರೆಕ್ಕ್ಯಾಗ ಹೋತು.
ಅವರಲ್ಲೂ ಅದಕ್ಕ ಹಂಗೇ ಅಂತಾರ, ಆಮ್ಯಾಲೆ ತಿಳೀತು.
ನನ್ನ ಸರದಿ ಬಂದಾಗ ಗಂಟಲ ಕಟ್ಟಿ,
ಬರೇ ಒಂದು ಉಸರು ಕಳಿಸಿದೆ.
ಅದೂ ಮುಟ್ಟಿತಂತ.

ಹೋಗೂಮುಂದ ಹನ್ನೆರಡು ಲಿಂಬಿಕಾಯಿ ಕೊಯ್ದು
ಬಾಟ್ಲಿಯಾಗ ಸಕ್ಕರಿ ಹಾಕಿ ಕೊಟ್ಲು, ಅವರ ಅಪ್ಪ ಹಾಕೂ ರೀತಿ.
"ಮೂರು ತಿಂಗಳವರೆಗೆ ತೆರೆಯಬಾರದು."
ಕಿಟಕಿಯಾಗ ಇಟ್ಟೀನಿ, ಅಪ್ಪನ ಹಸರ ಗಾಜಿನ ಕೈದೀಪದ ಬಾಜೂಕ.
ಎರಡು ತಿಂಗಳಾತು.
ನಡುವ ಒಂದಿನ ಮುಚ್ಚಳ ತಗದು
ನಾಕು ಹಳ್ಳು ಉಪ್ಪು ಹಾಕೀನಿ.
ಆಕಿಗೆ ಹೇಳಿಲ್ಲ.