ಮುಟ್ಟಿ ನೋಡುವ ಹೊತ್ತು

ಸಂಜೆ ತುಂಬಿದ್ದರೆ ತಪ್ಪಲ್ಲ.
ಇಡೀ ದಿನ ಕೆದರಿ ಹೆಕ್ಕಿದ್ದು
ಕೊರಳ ಬುಡದ ಆ ಚೀಲದಲ್ಲೇ ಇರುತ್ತದೆ:
ಕಾಳು, ಗರಿಕೆ, ಚಿಪ್ಪಿಕಲ್ಲಿನ ಚೂರು,
ಪಕ್ಕದ ಮನೆಯ ತಂಗಳನ್ನವೂ.
ನೋಡಬೇಕಾದ್ದು ಬೆಳಗಿನ ಜಾವ,
ಬುಟ್ಟಿ ಎತ್ತುವ ಮೊದಲು,
ಒಂದು ಕಾಳೂ ಚೆಲ್ಲುವ ಮೊದಲು.
ಖಾಲಿ ಇದ್ದರೆ ಸರಿ.

ಆವತ್ತು ಖಾಲಿ ಇರಲಿಲ್ಲ.

ಹಾರವಾಡದಲ್ಲಿ ಜೂನ್ ತಿಂಗಳ ಎರಡನೇ ವಾರ.
ದೋಣಿಗಳೆಲ್ಲ ದಡಕ್ಕೆ ಹತ್ತಿ
ತೆಂಗಿನ ಗರಿ ಹೊದ್ದು ಮಲಗಿದ್ದವು.
ಬುಟ್ಟಿಯ ಕೆಳಗೆ ಕೈ ಹಾಕಿದೆ.
ಬೋಳುಕುತ್ತಿಗೆಯ ನಮ್ಮ ಶಾಣಿ
(ಹೆಸರಷ್ಟೇ ಶಾಣಿ, ಶಾಣ್ಯಾತನ ಎಳ್ಳಷ್ಟಿಲ್ಲ)
ಎದೆಯ ಬಲಕ್ಕೆ, ನಾದಿ ಮರೆತ ಹಿಟ್ಟಿನ ಉಂಡೆ.
ಒತ್ತಿದರೆ ಬೆರಳಿನ ಗುರುತು
ಹಾಗೇ ಉಳಿಯಿತು.

ಕೊಕ್ಕು ಮೂಸಿದೆ.
ಹುಳಿ ನಾತವಿದ್ದರೆ,
ಚೀಲ ಅರ್ಧ ತುಂಬಿದ ಕೊಡದ ಹಾಗೆ ತುಳುಕಿದರೆ
ಅದು ಬೇರೆಯೇ ರೋಗ, ತಿಕ್ಕಬೇಡ, ಎಣ್ಣೆ ಹಾಕಬೇಡ
ಎಂದಿದ್ದಳು ಸೋದರತ್ತೆ ಸೋಮಿ.
ಹುಳಿ ಇರಲಿಲ್ಲ.

"ಕಾಲು ಹಿಡಿದು ತಲೆಕೆಳಗೆ ಝಾಡಿಸೇ,
ಎಲ್ಲಾ ಬೀಳ್ತದೆ," ಬೇಲಿಯಾಚೆ ಧಾಕು.
"ಬಿದ್ದದ್ದು ಉಸಿರಿನ ದಾರಿಗೆ ಹೋದರೆ?"
"ಹೋದರೆ ಸಾರು."

ಜಗಲಿಯಲ್ಲಿ ವಾಮನ ಬಲೆ ಹೊಲಿಯುತ್ತಿದ್ದ.
ತಿರುಗಿ ನೋಡಲಿಲ್ಲ.
ಅವನ ಸುತ್ತ ಕತ್ತರಿಸಿ ಬಿಟ್ಟ ನೈಲಾನಿನ ತುಂಡು,
ಹುಲ್ಲಿನಷ್ಟೇ ಹಸಿರು.
ಹೆಕ್ಕು ಎಂದು ನಾನು ಹೇಳಿ ಹೇಳಿ
ಹೇಳುವುದನ್ನೇ ಬಿಟ್ಟಾಗಿತ್ತು.

ಕಾಳು ಬಂದ್. ನೀರು ಮಾತ್ರ.
ಮಗಳ ಜ್ವರದ ಔಷಧಿಯ ಡ್ರಾಪರ್ ಹುಡುಕಿದೆ.
ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ
ಕೊಕ್ಕಿನ ಬದಿಯಿಂದ ಒಂದು ಹನಿ,
ಅದು ನುಂಗುವ ತನಕ ಕಾಯುವುದು,
ಮತ್ತೊಂದು ಹನಿ.
ಆಮೇಲೆ ಎರಡು ಬೆರಳು, ಒಂದು ಹೆಬ್ಬೆರಳು.
ಸಂತೆಯಲ್ಲಿ ಬಂಗಡೆಯ ಹೊಟ್ಟೆಯಲ್ಲಿ
ಗಾಬೋಳಿ ಇದೆಯೋ ಎಂದು ನೋಡುತ್ತೇವಲ್ಲ,
ಅಷ್ಟೇ ಒತ್ತು.
ದಿನಕ್ಕೆ ನಾಲ್ಕು ಸಲ.
ಶಾಣಿ ಮೊದಲು ಕುಕ್ಕಿತು,
ಆಮೇಲೆ ಕಣ್ಣು ಮುಚ್ಚಿತು,
ಕೋಳಿ ಮುಚ್ಚುವ ಹಾಗೆ, ಕೆಳಗಿನಿಂದ ಮೇಲಕ್ಕೆ.

ಎರಡನೇ ರಾತ್ರಿ ಬಾಯಿ ತೆರೆಸಿ ಟಾರ್ಚ್ ಬಿಟ್ಟೆ.
ನಾಲಿಗೆಯ ಬುಡಕ್ಕೆ ಸುತ್ತಿಕೊಂಡ ಹಸಿರು ಎಳೆ,
ಅದರಲ್ಲೊಂದು ಅರ್ಧ ಗಂಟು.
ಗಂಟು ನನಗೆ ಗುರುತು.
ಹದಿನಾಲ್ಕು ವರ್ಷದಿಂದ ನೋಡಿದ್ದೇನೆ.

ಎಳೆಯಲು ಕೈ ಹೋಯಿತು.
ಯಾವಾಗ ಎದ್ದು ಬಂದನೋ,
ಮಣಿಕಟ್ಟು ಹಿಡಿದ.
"ಎಳೀಬೇಡ.
ಕಲ್ಲಿಗೆ ಸಿಕ್ಕಿದ ಬಲೆ ಎಳೆದರೆ
ಕಲ್ಲು ಬರೂದಿಲ್ಲ, ಬಲೆ ಹರೀತದೆ."
ಬಲೆಯ ಕತ್ತರಿಯಿಂದಲೇ
ನಾಲಿಗೆಯ ಸುತ್ತಿನಷ್ಟನ್ನು ತುಂಡರಿಸಿ ಬಿಡಿಸಿದ.
ಒಳಗಿನದು ಒಳಗೆ.
ಅವನು ಕೋಳಿ ಹಿಡಿದ, ನಾನು ತಿಕ್ಕಿದೆ,
ಹರಕು ಗೋಣಿಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿ,
ಮಾತಿಲ್ಲದೆ.
ಅಂಕೋಲೆಯ ದನದ ಡಾಕ್ಟರು ಸಿಗುವುದು ಸೋಮವಾರ.
ಅಲ್ಲಿಯವರೆಗೂ ಇಳಿಯದಿದ್ದರೆ
ಕೊಯ್ದು ಹೊಲಿಯುವುದು ಅವರ ಕೆಲಸ,
ನನ್ನ ಬ್ಲೇಡಿನದಲ್ಲ.

ಭಾನುವಾರ. ಇನ್ನೂ ಕತ್ತಲೆ.
ಬುಟ್ಟಿಯ ಕೆಳಗೆ ಕೈ ಹಾಕಿದರೆ
ಅಲ್ಲಿ ಆಗಲೇ ಒಂದು ಕೈ ಇತ್ತು,
ಸೂಜಿ ಹಿಡಿದು ಜಡ್ಡುಗಟ್ಟಿದ್ದು.
"ಇಳಿದದೆ," ಎಂದ.
ನಂಬದೆ ನಾನೂ ಮುಟ್ಟಿದೆ.
ಚೀಲ ಸಡಿಲ, ಚರ್ಮವಷ್ಟೇ.
ತಳದಲ್ಲಿ ಅವರೆಕಾಳಿನಷ್ಟು ಏನೋ ಉಳಿದಿತ್ತು.
ಅದು ಈಗಲೂ ಇದೆ.
ಡಾಕ್ಟರು ಮುಟ್ಟಿ ನೋಡಿ,
ತಿನ್ನುತ್ತದಲ್ಲ, ಇರಲಿ ಎಂದರು.

ಮೆತ್ತಗೆ ನೆನೆಸಿದ ಅನ್ನ, ಎರಡು ಚಮಚ.
ಇನ್ನೂ ಬೇಕೆಂದು ನನ್ನ ಕಾಲುಂಗುರ ಕುಕ್ಕಿತು.

ಈಗ ಜಗಲಿಯಲ್ಲಿ ಹಾಲುಪುಡಿಯ ಡಬ್ಬಿ ಒಂದಿದೆ.
ವಾಮನ ಕತ್ತರಿಸಿದ ತುದಿ ಅದಕ್ಕೆ ಬೀಳುತ್ತದೆ,
ನಾಲ್ಕರಲ್ಲಿ ಮೂರು ಸಲ.
ನಾಲ್ಕನೆಯದಕ್ಕೆ
ಬೋಳು ಕತ್ತು ಓರೆ ಮಾಡಿಕೊಂಡು
ಶಾಣಿ ಕಾಯುತ್ತಿರುತ್ತದೆ,
ಶಾಣಿಯನ್ನು ನಾನು.