ಪಂಚರಲ್ಲಿ ಒಬ್ಬ

ಸೊಲ್ಲಾಪುರ, ಅಕ್ಕಲಕೋಟ ರೋಡು. ಮುಂಜಾನಿ ಏಳಕ್ಕ
ಇಸ್ತ್ರಿಪೆಟ್ಟಿಗಿಗೆ ಇದ್ದಲಿ ತುಂಬಲತ್ತಿದ್ದೆ.
ಹವಾಲ್ದಾರ ಬಂದು ಅಂದ: "ನಡಿ, ಒಬ್ಬ ಪಂಚ ಬೇಕಾಗ್ಯಾನ.
ಸುಟ್ಟ ಕಾರಖಾನಿ ನೋಡಿ ಸಹಿ ಹಾಕೂದು, ಅಷ್ಟ."
ಸುಟ್ಟದ್ದು ನೋಡಲಿಕ್ಕ ನನಗಿಂತ ಯಾರು ಬೇಕು?
ಮೂವತ್ತು ವರ್ಷ ಬೆಂಕಿನ್ನ ಪೆಟ್ಟಿಗ್ಯಾಗ ಹಾಕಿ
ಮಂದಿ ಅಂಗಿ ಮ್ಯಾಲ ಓಡಿಸೀನಿ.

ಬೂದಿ ಇನ್ನಾ ಬೆಚ್ಚಗಿತ್ತು.
ಹತ್ತು ಮಗ್ಗ, ಹತ್ತೂ ಬರೇ ಎಲುಬು.
ಬಂಬಿನ ನೀರು ಕರ್ರಗ ಮಡುಗಟ್ಟಿ ಅದರಾಗ ಆಕಾಶ.
ಹೊರಗ ಮಂದಿ ತೀರ್ಪು ಕೊಟ್ಟು ಚಾ ಕುಡೀತಿದ್ರು:
"ಮೊನ್ನಿ ಕೆಲಸ ಬಿಡಿಸಿದ್ರಲ್ಲ, ಆ ಮಲ್ಲೇಶಂ, ಅವಂದ."
ಇನ್ನೊಬ್ಬ ಸಣ್ಣ ದನಿಲೆ:
"ಇಸ್ತ್ರಿಯವನ ಕೆಂಡನೂ ಹಾರಿರಬಹುದು."
ನನಗ ಕೇಳಿಸ್ತು. ಕೇಳಿಸಲಿ ಅಂತನ ಅಂದಿದ್ದ.

ಲ್ಯಾಬಿನಿಂದ ಬಂದಾಕಿ ವೈಜಯಂತಿ ಹತ್ತೂರೆ.
ಮೊದಲ ಏನೂ ಮುಟ್ಟಲಿಲ್ಲ. ಕೈ ಬೆನ್ನ ಹಿಂದ ಕಟ್ಟಿಕೊಂಡು
ಕಡಿಮಿ ಸುಟ್ಟಲ್ಲಿಂದ ಹೆಚ್ಚು ಸುಟ್ಟಲ್ಲಿಗೆ ನಡದ್ಲು,
ಬೀಗರ ಮನಿಗೆ ಮೊದಲ ಸಲ ಹ್ವಾದವರಂಗ.
ಆಮ್ಯಾಲ ಫೋಟೋ, ಪಕ್ಕದಾಗ ಅಳತಿಪಟ್ಟಿ.
ಆಮ್ಯಾಲ ಕುಂತು, ಬ್ರಶ್ಶಿಲೆ, ಪದರು ಪದರು.
ಛತ್ತಿನ ತಗಡು ಮ್ಯಾಲ, ಅದರ ಕೆಳಗ ನೂಲಿನ ಬೂದಿ,
ಅದರ ಕೆಳಗ ರಾತ್ರಿ.

ಹವಾಲ್ದಾರ ಪ್ಲಾಸ್ಟಿಕ್ ಚೀಲ ಹಿಡಿದ.
"ಬ್ಯಾಡ," ಅಂದ್ಲು, "ಚಿಮಣಿ ಎಣ್ಣಿ ಇದ್ರ ಇದರಾಗಿಂದ ನುಸುಳತದ."
ಹೊಸಾ ತಗಡಿನ ಡಬ್ಬಿ, ತುಪ್ಪದ ಡಬ್ಬಿಯಂಥಾದ್ದು,
ತುಂಬ ತುಂಬಲಿಲ್ಲ. ಮ್ಯಾಲ ಒಂದೀಟು ಜಾಗಾ,
ವಾಸನಿಗೆ ಕೂಡಲಿಕ್ಕ.
ಒಂದೊಂದು ಡಬ್ಬಿಗೆ ಒಂದೊಂದು ಹೊಸಾ ಕೈಗವಸು.
ಕಡೀಕ ಏನೂ ಆಗದ ಮೂಲಿಯ ಮಣ್ಣೂ ಒಂದು ಡಬ್ಬಿ.
"ಅದ್ಯಾಕ ಬಾಯಿ?"
"ಏನೂ ಆಗದ ಮಣ್ಣು ಹ್ಯಾಂಗ ಇರ್ತದ ಗೊತ್ತಿರಬೇಕಲ್ಲ, ಮಾಮಾ."

ದಿಗಂಬರ ಶೇಟ ಮೂಗು ಒರಸಿಕೋತ ತೋರಿಸಿದ:
"ಇಲ್ಲೇ ಇದ್ದುವು. ಆರನೂರು ಚಾದರ. ನಾಕು ಗಂಟು ಟಾವೆಲ್ಲು."
ಮಡಚಿ ಒತ್ತಿಟ್ಟ ಅರಿವಿ ಅಂಚು ಸುಡತದ,
ಹೊಟ್ಟಿ ಸುಡಂಗಿಲ್ಲ. ಇದು ನನಗ ಗೊತ್ತು.
ಬಾಯಿ ಬಿಡಲಿಲ್ಲ. ಪಂಚ ನೋಡಬೇಕು, ಅಷ್ಟ.

ಆಕಿ ನೆಲ ತೊಳಿಸಿದ್ಲು.
ಎಣ್ಣಿ ಡಬ್ಬಿ ಇದ್ದಲ್ಲಿ ಬೆಳ್ಳನ ಒಂದು ದುಂಡು.
ಸ್ಟೂಲು ಇದ್ದಲ್ಲಿ ನಾಕು ಬೆಳ್ಳನ ಚುಕ್ಕಿ.
ಯಾರದೋ ಬುತ್ತಿಡಬ್ಬಿ ಇದ್ದಲ್ಲಿ ಒಂದು ಅಂಗೈಯಷ್ಟು.
ಬೆಂಕಿ ಬಂದಾಗ ಇದ್ದದ್ದು ತನ್ನ ಕೆಳಗಿನ ನೆಲಾ ಕಾದಿತ್ತು.
ಆರನೂರು ಚಾದರದ ಕೆಳಗ
ಒಂದೇ ಸಮ ಕಪ್ಪು.

ಬಾಯಿ ತಲಿ ಎತ್ತಲಿಲ್ಲ. ಟೇಪು ಹಿಡದು ಅಂದ್ಲು:
"ಬರಿ. ಹನ್ನೆರಡು ಫೂಟು, ಒಂಬತ್ತು ಫೂಟು. ಬೆಳ್ಳನ ಗುರುತು ಇಲ್ಲ."
"ಇಲ್ಲದ್ದನ್ನ ಹ್ಯಾಂಗ ಬರೀಲಿ ಮೇಡಂ?"
"ಇಲ್ಲ ಅಂತ ಬರಿ."

ನಾ ತಡೀಲಾರದ ಕೇಳಿದೆ: "ಯಾರು ಹಚ್ಚಿದ್ದು?"
"ಯಾರು ಅನ್ನೂದು ನನ್ನ ಕೆಲಸ ಅಲ್ಲ.
ಎಲ್ಲಿಂದ ಹತ್ತಿತು, ಅದನ್ನ ಇನ್ನಾ ಹುಡಕಲತ್ತೀನಿ."

ಹನ್ನೊಂದು ಡಬ್ಬಿ. ಮುಚ್ಚಿ, ಚೀಟಿ ಹಚ್ಚಿ, ಮುದ್ರಿ ಒತ್ತಬೇಕು.
ಅರಗು ಕರಗಿಸಲಿಕ್ಕ ಒಂದು ಕಡ್ಡಿ ಬೇಕಾತು.
ಎಲ್ಲಾರೂ ಕಿಸೆ ಮುಟ್ಟಿಕೊಂಡ್ರು.
ಶೇಟ, ಹವಾಲ್ದಾರ, ಚಾ ಕುಡಿಯೋ ಮಂದಿ.
ಯಾರೂ ತಗೀಲಿಲ್ಲ.
ಪೊಟ್ಟಣ ನಾನ ಕೊಟ್ಟೆ, ಎಲ್ಲಾರ ಮುಂದ.
"ಹೊರಗ, ದೂರ ಹಚ್ಚು," ಅಂದ್ಲು.
ಹದಿನೈದು ಹೆಜ್ಜಿ ಎಣಿಸಿ ಹೋಗಿ ಗೀರಿದೆ.

ಪಂಚನಾಮೆ ಮೂರು ಹಾಳಿ, ಎಲ್ಲಾ ಮರಾಠಿ. ಓದಿ ಹೇಳಿದ್ರು.
ಕೆಳಗ ನಂದೊಂದ ಕನ್ನಡ:
ಗುರುಪಾದ ಶಿವಲಿಂಗ ಪರೀಟ.
ಸುತ್ತಲಿನ ಗೆರಿಗೋಳಿಗೆಲ್ಲಾ ತಲಿಮ್ಯಾಲ ಕಡ್ಡಿ,
ನನ್ನ ಹೆಸರಿಗೆ ಬರೇ ತಲಿಕಟ್ಟು.

ತಿರುಗಿ ಬಂದಾಗ ಇದ್ದಲಿ ಆರಿತ್ತು. ಊದಿ ಎಬ್ಬಿಸಿದೆ.
ಗಂಟು ಬಿಚ್ಚಿದ್ರ ಮ್ಯಾಲಿನ ಅಂಗಿ ಶೇಟಂದು.
ಕಾಲರ್ ಮೂಗಿಗೆ ಹಿಡದೆ.
ಸಾಬೂನಿನ ವಾಸನಿ.
ಮತ್ತೊಮ್ಮೆ ಹಿಡದೆ. ಸಾಬೂನು, ಅಷ್ಟ.
ಅಷ್ಟ ಅಂತ ಮನಸಿನ್ಯಾಗ ಬರಕೊಂಡು
ನೀರು ಚಿಮುಕಿಸಿ, ಪೆಟ್ಟಿಗಿ ಎತ್ತಿದೆ.